ಮೊದಲು ನೀರು ತೆಗೆಯಬೇಕು

ಮೊದಲು ನೀರು ತೆಗೆಯಬೇಕು. ಕೈಪಿಡಿಯ ಮೂರನೇ ಪುಟ.
ಹರಳುಗಟ್ಟಿದ ಪ್ರೋಟೀನಿನ ಕಡತದ ಬುಡದಲ್ಲಿ
ಎಚ್-ಓ-ಎಚ್, ಎಚ್-ಓ-ಎಚ್ ಎಂದು
ಮುನ್ನೂರ ಹನ್ನೆರಡು ಸಾಲು.
ಆರಿಸು, ಅಳಿಸು.
ನವನಗರದ ನಮ್ಮ ಲ್ಯಾಬಿನ ಬಾಗಿಲಲ್ಲಿ
ಚಹಾ ಹಿಡಿದು ನಿಂತಿದ್ದ ಶಂಕ್ರೆಪ್ಪ ಹೂಲಗೇರಿ ನಕ್ಕ:
"ಒಂದ ಗುಂಡಿ ಒತ್ತಿದ್ರ ಹೋಗ್ತೈತೇನ್ರಿ ಬಾಯಾರ ನೀರು?
ನಮ್ಮ ಓಣಿಗೆ ಬಂದದ್ದು ಇನ್ನೂ ಹೋಗಿಲ್ಲ."

ಮುಳುಗಡೆಯ ವರ್ಷಗಳಲ್ಲಿ ಅವನು
ಸರ್ವೇದವರ ಹಿಂದೆ ಕೆಂಪು ಬಣ್ಣದ ಡಬ್ಬಿ ಹೊತ್ತು
ಹಳೇ ಬಾಗಲಕೋಟೆಯ ಗೋಡೆಗೋಡೆಗೂ ನಂಬರು ಬರೆದವನು.
ತನ್ನ ಮನೆಗೂ ತಾನೇ ಬರೆದ: ನೂರಾ ಅರವತ್ತೆರಡು.
ನನ್ನ ಪರದೆಯಲ್ಲೂ ಓಣಿ, ಮನೆ, ಮನೆಗೊಂದು ನಂಬರು,
ಹಿಸ್ಟಿಡಿನ್ ಐವತ್ತೊಂದು, ಎದುರಿಗೆ ಆಸ್ಪಾರ್ಟೇಟ್ ತೊಂಬತ್ತು,
ನಡುವೆ ಒಂದು ಗುಳಿ.
ಕ್ಷಯದ ಕ್ರಿಮಿ ಒಲೆ ಹೂಡಿಕೊಂಡಿರುವುದು ಅಲ್ಲಿ.
ಒಳಗೆ ಹೋಗಿ ಕೂತು, ಏಳು ಅಂದರೂ ಏಳದ
ಒಬ್ಬ ಮೊಂಡ ಬೇಕು ನಮಗೆ.

ನಲವತ್ತೊಂದು ಸಾವಿರ ಅಣು. ಹದಿನಾರು ರಾತ್ರಿ.
ಒಂದೊಂದನ್ನೂ ತಿರುಚಿ, ಮಗುಚಿ, ಕಾಲು ಮಡಿಸಿ, ತೋಳು ಚಾಚಿಸಿ
ಒಂಬತ್ತು ಭಂಗಿಯಲ್ಲಿ ಕೂರಿಸಿ ನೋಡಿತು ಯಂತ್ರ.
ಕರೆಂಟು ಹೋಗಿ ಯುಪಿಎಸ್ಸು ಕಿರುಚಿದರೆ
ಹಾಸ್ಟೆಲಿನಿಂದ ಚಪ್ಪಲಿಯಿಲ್ಲದೆ ಓಡುತ್ತಿದ್ದೆ.
ಇಲ್ಲಿಯ ಲೆಕ್ಕ ಉಲ್ಟಾ:
ಮೈನಸ್ ಹೆಚ್ಚಿದ್ದವನೇ ಸಾಹುಕಾರ.
ಮೈನಸ್ ಹನ್ನೊಂದೂವರೆ ಬಂದ ಬೆಳಗ್ಗೆ
ಮೆಹಜಬೀನ್ ಇಡೀ ವಿಭಾಗಕ್ಕೆ ಕರದಂಟು ಹಂಚಿದಳು.

ಮೇಲಿನ ಏಳನ್ನು ದುಡ್ಡು ಕೊಟ್ಟು ತರಿಸಿದೆವು.
ಏಳು ಪುಟ್ಟ ಸೀಸೆ, ಚಿಟಿಕೆ ಚಿಟಿಕೆ ಬಿಳಿ ಪುಡಿ,
ಶಂಕ್ರೆಪ್ಪನ ನಾಲ್ಕು ತಿಂಗಳ ಪಗಾರ.
ಬೆಳಗಾವಿಗೆ ಕಳಿಸಿದೆವು, ನಿಜವಾದ ಕಿಣ್ವದ ಮುಂದೆ ಇಡಲು.
ಉತ್ತರ ಎರಡೇ ಸಾಲು.
ಏಳೂ ಬಂದದ್ದು ಕಿಣ್ವಕ್ಕೆ ಗೊತ್ತಿಲ್ಲ,
ಹೋದದ್ದೂ ಗೊತ್ತಿಲ್ಲ.

ಮೇಡಂ ಬಯ್ಯಲಿಲ್ಲ. ಅದೇ ಕಷ್ಟವಾಯಿತು.

ಅಳಿಸುವ ಮೊದಲಿನ ಕಡತ ತೆರೆದೆ.
ಮುನ್ನೂರ ಹನ್ನೆರಡು ಕೆಂಪು ಚುಕ್ಕಿ,
ಬಹಳಷ್ಟು ಅಂಚಿನಲ್ಲಿ ಅಲೆದಾಡುವ ಉಡಾಳರು.
ಒಂದು ಮಾತ್ರ, ಇನ್ನೂರ ಏಳನೆಯದು, ಗುಳಿಯ ತಳದಲ್ಲಿ
ಒಂದು ಕೈ ಹಿಸ್ಟಿಡಿನ್ ಕಡೆ, ಒಂದು ಕೈ ಆಸ್ಪಾರ್ಟೇಟ್ ಕಡೆ
ಚಾಚಿಕೊಂಡು ಕೂತಿದೆ, ಮನೆಯವರ ಹಾಗೆ.
ಬೇರೆಯವರು ಬೆಳೆಸಿದ ಐದು ಹರಳು ಹುಡುಕಿ ನೋಡಿದೆ.
ಐದರಲ್ಲೂ ಅದೇ ಜಾಗ, ಅದೇ ನೀರು.
ಒಕ್ಕಲಿದ್ದ ಮನೆಯನ್ನು ಖಾಲಿಯೆಂದು
ಬಾಡಿಗೆಗೆ ಕೊಟ್ಟಿದ್ದೆ ನಾನು.

ಅದೊಂದನ್ನು ಉಳಿಸಿ ಮತ್ತೆ ಹದಿನಾರು ರಾತ್ರಿ.
ಕರದಂಟಿನ ಸಾಹುಕಾರ ಮೂರು ಸಾವಿರದಾಚೆ ಬಿದ್ದ.
ಎಂಟು ಸಾವಿರದ ಹಿಂದೆಲ್ಲೋ ಇದ್ದದ್ದು,
ಹೆಸರಿಲ್ಲ, ಬರೀ ಕ್ಯಾಟಲಾಗಿನ ಅಂಕಿ,
ಆ ನೀರಿನ ಹೆಗಲ ಮೇಲೆ ಕೈಯಿಟ್ಟು
ಒಂಬತ್ತನೆಯದಾಗಿ ಬಂದು ಕೂತಿತು.
ಮೈನಸ್ ಎಂಟು ಚಿಲ್ಲರೆ.
ಯಾರೂ ಸಿಹಿ ತರಲಿಲ್ಲ.
ಆರ್ಡರ್ ಹಾಕಿದ್ದೇವೆ. ಆರು ವಾರವಂತೆ.

ಏಪ್ರಿಲ್. ಹಿನ್ನೀರು ಹಿಂದೆ ಸರಿದಿತ್ತು.
ರವಿವಾರ ಶಂಕ್ರೆಪ್ಪ ಕರೆದೊಯ್ದು ತೋರಿಸಿದ,
ಬಿರಿದ ಕೆಸರು, ಸಿಂಪು, ಅರ್ಧ ಪಾವಟಿಗೆ,
ನೂರಾ ಅರವತ್ತೆರಡರ ಹೊಸ್ತಿಲಕಲ್ಲು.
ಬಣ್ಣವಿಲ್ಲ, ಗೋಡೆಯೂ ಇಲ್ಲ.
"ಇಲ್ಲಿ ಕದದ ಗೂಟ ತಿರಗತಿತ್ರಿ" ಎಂದ.
ಕಲ್ಲಿನ ಮೂಲೆಯಲ್ಲಿ ಕದ ತಿರುಗಿ ತಿರುಗಿ
ಸವೆದು ನುಣ್ಣಗಾದ ಒಂದು ಕುಣಿ.
ಸುತ್ತ ಎಲ್ಲ ಒಣಗಿದ್ದರೂ
ಅದರಲ್ಲಿ ಒಂದು ಗುಟುಕು ನೀರು.
ಶಂಕ್ರೆಪ್ಪ ಕುಕ್ಕರಗಾಲಲ್ಲಿ ಕೂತು
ಹೆಬ್ಬೆರಳು ಇಳಿಸಿದ.
ನೀರು ಹೋಗಲಿಲ್ಲ,
ಬೆರಳ ಸುತ್ತ ಮೆಲ್ಲಗೆ
ಅಂಚಿನವರೆಗೆ ಏರಿತು.